ಕೆಂದಳಿಲು ಮತ್ತು ಕಲ್ಲುಹೂವು

ಅದ್ಲಿಯಾದ ನಮ್ಮ ಮನೆಗಳಲ್ಲಿ ಬಿಸಿಬೇಳೆಬಾತಿನ ಪುಡಿಗೆ ಮಸಾಲೆ ಹುರಿಯುವಾಗ ಮಕ್ಕಳು ಕೇಳುವುದುಂಟು: "ಅಮ್ಮಾ, ಕಲ್ಲುಹೂವು ಯಾವ ಗಿಡದ ಹೂವು?" ರಜೆಯಲ್ಲಿ ದಾಂಡೇಲಿಯ ಕಡೆ ಹೋದರೆ ಅದೇ ಮಕ್ಕಳು ಕೆಂದಳಿಲನ್ನು ಕಂಡು ಬೆರಗಾಗುತ್ತಾರೆ. ಒಂದು ಚಿಮ್ಮುವ ಜೀವ, ಇನ್ನೊಂದು ಅಲುಗಾಡದ ಜೀವ. ಎರಡನ್ನೂ ಜೊತೆಗಿಟ್ಟು ನೋಡೋಣ.

ಕೆಂದಳಿಲು ಭಾರತದಲ್ಲಿ ಮಾತ್ರ ಇದೆ. ತೂಕ ಸುಮಾರು 1.5ರಿಂದ 2 ಕಿಲೋ. ಬಾಲ ಮೈಯಷ್ಟೇ ಉದ್ದ, ಕೆಲವೊಮ್ಮೆ ಇನ್ನೂ ಹೆಚ್ಚು. ಗೂಡು ಎತ್ತರದ ಕೊಂಬೆಯಲ್ಲಿ, ಊಟ ಹಣ್ಣು, ಬೀಜ, ಹೂವು, ತೊಗಟೆ. ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ 6 ಮೀಟರ್‌ವರೆಗೂ ಹಾರಬಲ್ಲದು.

ಕಲ್ಲುಹೂವು ಹೂವೂ ಅಲ್ಲ, ಗಿಡವೂ ಅಲ್ಲ. ವಿಜ್ಞಾನದಲ್ಲಿ ಇದಕ್ಕೆ ಲೈಕನ್ ಎನ್ನುತ್ತಾರೆ. ಮಸಾಲೆಯ ಜಾತಿ ಮರದ ತೊಗಟೆಯ ಮೇಲೂ ಬೆಳೆಯುತ್ತದೆ. ನಮ್ಮೂರ ಬಂಡೆಗಳ ಮೇಲೆ ಕಾಣುವ ಬೂದು, ಹಸಿರು ತೇಪೆಗಳು ಇದರ ಬಂಧುಗಳು. ಶಿಲೀಂಧ್ರ ಮನೆ ಕಟ್ಟಿ ತೇವ ಹಿಡಿದಿಡುತ್ತದೆ, ಒಳಗಿನ ಪಾಚಿ ಬಿಸಿಲಿನಿಂದ ಅನ್ನ ತಯಾರಿಸುತ್ತದೆ. ಇದು ಇಬ್ಬರ ಸಂಸಾರವೆಂದು ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ 1867ರಲ್ಲಿ ಹೇಳಿದಾಗ ಹಲವು ವಿದ್ವಾಂಸರು ಒಪ್ಪಲಿಲ್ಲ.

ಅಳಿಲಿಗೆ ದಿನವೂ ಊಟ ಬೇಕು. ಬಂಡೆಯ ಲೈಕನ್ ಹಾಗಲ್ಲ: ಒಣಗಿದರೆ ನಿದ್ರೆ, ಮಂಜು ಬಿದ್ದರೆ ಎಚ್ಚರ. 2005ರಲ್ಲಿ ಎರಡು ಜಾತಿಯ ಲೈಕನ್‌ಗಳನ್ನು ಸುಮಾರು ಎರಡು ವಾರ ಬಾಹ್ಯಾಕಾಶದಲ್ಲಿ ತೆರೆದಿಟ್ಟರು. ಮರಳಿ ಬಂದ ಮೇಲೂ ಅವು ಬದುಕಿದ್ದವು. ಆದರೆ ಬೆಳವಣಿಗೆ ಬಲು ನಿಧಾನ. ಬಂಡೆಗಂಟಿದ ಕೆಲವು ಜಾತಿಗಳು ವರ್ಷಕ್ಕೆ 1 ಮಿಲಿಮೀಟರ್ ಕೂಡ ಹಬ್ಬುವುದಿಲ್ಲ.

ಇಷ್ಟು ಗಟ್ಟಿ ಜೀವಗಳಿಗೂ ಸೋಲುಂಟು. ರಸ್ತೆಗಾಗಿ ನಡುವಿನ ಮರಗಳನ್ನು ಕಡಿದು ಕೊಂಬೆಗಳ ನಂಟು ತಪ್ಪಿಸಿದರೆ ಕೆಂದಳಿಲಿಗೆ ದಾರಿಯೇ ಮುಚ್ಚಿತು. ಗಂಧಕದ ಹೊಗೆ ತುಂಬಿದ ಗಾಳಿಯಲ್ಲಿ ಹೆಚ್ಚಿನ ಲೈಕನ್‌ಗಳು ಉಳಿಯವು. ಒಮ್ಮೆ ಕೆರೆದು ತೆಗೆದ ತೇಪೆ ಮತ್ತೆ ಹಬ್ಬಲು ನಮ್ಮ ಆಯುಷ್ಯ ಸಾಲದೇ ಹೋಗಬಹುದು.

ಆದ್ದರಿಂದ ಬಂಧುಗಳೇ, ಮುಂದಿನ ರಜೆಯಲ್ಲಿ ಮಕ್ಕಳಿಗೆ ಎರಡನ್ನೂ ತೋರಿಸಿ. ಬಂಡೆಯನ್ನು ಕೆರೆಯದೆ, ಮುಟ್ಟಿ ನೋಡಲು ಹೇಳಿ. ಡಬ್ಬಿಯ ಕಲ್ಲುಹೂವನ್ನು ಚಿಟಿಕೆಯಷ್ಟೇ ಬಳಸಿ. ಪರಿಮಳಕ್ಕೆ ಅಷ್ಟು ಸಾಕು. ಒಬ್ಬರ ಆಸರೆ, ಇನ್ನೊಬ್ಬರ ದುಡಿಮೆ ಸೇರಿದರೆ ಬರಿ ಬಂಡೆಯ ಮೇಲೂ ಬದುಕು ಹಬ್ಬುತ್ತದೆ. ಊರು ಬಿಟ್ಟು ಬಂದ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.