ಇನ್ಸ್‌ಪೆಕ್ಟರು ಬಂದಾಗ ಗಲ್ಲಾದಲ್ಲಿ ಗಡಿಬಿಡಿ ಬೇಡ

'ಸಾಹೇಬರು ಬಂದಿದ್ದಾರೆ' ಎಂಬ ಒಂದು ಮಾತು ಸಾಕು, ನಮ್ಮ ಎಷ್ಟೋ ಹೋಟೆಲುಗಳಲ್ಲಿ ಗಡಿಬಿಡಿ ಶುರುವಾಗುತ್ತದೆ. ಮ್ಯಾನೇಜರು ಲೈಸೆನ್ಸಿನ ಫೈಲು ಹುಡುಕುತ್ತಾರೆ, ಧನಿಗಳಿಗೆ ಫೋನು ಹೋಗುತ್ತದೆ, ಕ್ಲೀನರ್ ಹುಡುಗರು ನೆಲ ಒರೆಸಲು ಓಡುತ್ತಾರೆ. ಬಂದವರ ಅಧಿಕಾರವೆಷ್ಟು, ನಮ್ಮ ಹಕ್ಕೇನು ಎಂಬುದು ಗೊತ್ತಿದ್ದರೆ ಈ ಗಾಬರಿ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ನಮ್ಮ ಹಿರಿಯರು ಕಂಡ ಫುಡ್ ಇನ್ಸ್‌ಪೆಕ್ಟರು 1954ರ ಕಲಬೆರಕೆ ತಡೆ ಕಾಯಿದೆಯವರು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ನಿಯಮಗಳು 2011ರ ಆಗಸ್ಟ್ 5ರಂದು ಜಾರಿಗೆ ಬಂದ ಮೇಲೆ ಆ ಜಾಗಕ್ಕೆ ಆಹಾರ ಸುರಕ್ಷತಾ ಅಧಿಕಾರಿ ಬಂದರು. ಮುಂಬಯಿ, ಪುಣೆಗಳಲ್ಲಿ ಇವರು ರಾಜ್ಯದ ಎಫ್‌ಡಿಎಗೆ ಸೇರಿದವರು. ಮಹಾನಗರ ಪಾಲಿಕೆಯವರು, ತೂಕ ಮತ್ತು ಅಳತೆಯವರು, ಅಗ್ನಿಶಾಮಕ ದಳದವರು ಬೇರೆ. ಆದ್ದರಿಂದ ಮೊದಲು ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಳ್ಳಬೇಕು. ಸುಳ್ಳು ಅಧಿಕಾರಿಯಾಗಿ ಬರುವುದು ಈ ಕಾಯಿದೆಯ 62ನೇ ಕಲಮಿನಡಿ ಅಪರಾಧ. ನಿಜವಾದ ಅಧಿಕಾರಿಗೆ ಅಡ್ಡಿ ಮಾಡುವುದೂ ಅದೇ ಕಲಮಿನಡಿ ಅಪರಾಧವೇ ಎಂಬುದನ್ನು ಮರೆಯಬಾರದು.

ಪರಿಶೀಲನೆಗೆ ಅಚ್ಚಾದ ಪಟ್ಟಿಯೇ ಇದೆ. ಕೇಟರಿಂಗ್ ವಿಭಾಗದ ಪಟ್ಟಿಗೆ ಒಟ್ಟು 114 ಅಂಕ. ನಕ್ಷತ್ರ ಗುರುತಿನ ಒಂದು ಅಂಶ ತಪ್ಪಿದರೂ ಅನುತ್ತೀರ್ಣ. ಕುಡಿಯುವ ನೀರಿನ ಪರೀಕ್ಷಾ ವರದಿ, ಕೆಲಸಗಾರರ ವಾರ್ಷಿಕ ವೈದ್ಯಕೀಯ ತಪಾಸಣೆ, ಜಿರಳೆ-ಇಲಿ ನಿಯಂತ್ರಣದ ದಾಖಲೆ, ಫ್ರಿಜ್‌ನ ಉಷ್ಣತೆ ಇವನ್ನೆಲ್ಲ ಕೇಳುತ್ತಾರೆ. ವಡೆ, ಬಜ್ಜಿಯ ಬಾಣಲೆಯ ಎಣ್ಣೆಯ ಮೇಲೂ ಕಣ್ಣಿರುತ್ತದೆ. 2018ರ ಜುಲೈ 1ರಿಂದ, ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಪೋಲಾರ್ ಅಂಶ ಶೇಕಡಾ 25 ಮೀರಿದರೆ ಅದನ್ನು ಬಳಸುವಂತಿಲ್ಲ. ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ತಿಂಗಳಿಗೊಮ್ಮೆ ನಾವೇ ನಮ್ಮ ಅಡುಗೆಮನೆಗೆ ಅಂಕ ಹಾಕಿದರೆ, ಹೊರಗಿನವರು ಬಂದಾಗ ಹೊಸದಾಗಿ ಕಾಣಿಸುವುದು ಏನೂ ಇರುವುದಿಲ್ಲ.

ಸ್ಯಾಂಪಲ್ ತೆಗೆಯುವಾಗಲೇ ಹೆಚ್ಚಿನವರು ಎಡವುವುದು. ಅಧಿಕಾರಿ ಲಿಖಿತ ನೋಟೀಸು ಕೊಟ್ಟು, ಪದಾರ್ಥದ ಮಾರಾಟ ಬೆಲೆ ಪಾವತಿಸಿ, ಸ್ಯಾಂಪಲನ್ನು ನಾಲ್ಕು ಭಾಗ ಮಾಡಿ ಸೀಲು ಹಾಕಬೇಕು. ಒಂದು ಭಾಗ ವಿಶ್ಲೇಷಕರಿಗೆ, ಎರಡು ಭಾಗ ನಿಯೋಜಿತ ಅಧಿಕಾರಿಗೆ. ನಾಲ್ಕನೆಯದನ್ನು ನಾವು ಕೇಳಿಕೊಂಡರೆ ನಮ್ಮ ಖರ್ಚಿನಲ್ಲಿ ಮಾನ್ಯತೆ ಪಡೆದ ಲ್ಯಾಬಿಗೆ ಕಳುಹಿಸಬೇಕು. ಆ ಕೋರಿಕೆಯನ್ನು ಅಲ್ಲಿಯೇ ಬರೆದು ಕೊಡಿ. ವಿಶ್ಲೇಷಕರ ವರದಿ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಶುಚಿತ್ವದ ಕೊರತೆ ಕಂಡರೆ 32ನೇ ಕಲಮಿನಂತೆ ಮೊದಲು ಸುಧಾರಣಾ ನೋಟೀಸು ಬರುತ್ತದೆ. ಅದರಲ್ಲಿ ಕಾರಣವೂ, ಮಾಡಬೇಕಾದ ಕ್ರಮವೂ, ಕನಿಷ್ಠ 14 ದಿನಗಳ ಅವಧಿಯೂ ಇರಬೇಕು. ಅದನ್ನು ಡ್ರಾಯರಿಗೆ ಹಾಕಿ ಮರೆತರೆ ಮುಂದಿನದು ಲೈಸೆನ್ಸ್ ಅಮಾನತು. ಇನ್ನೊಂದೆಡೆ, ಸಕಾರಣವಿಲ್ಲದೆ ಕಿರುಕುಳಕ್ಕಾಗಿ ಮಾಲು ಜಪ್ತಿ ಮಾಡಿದ ಅಧಿಕಾರಿಗೂ 39ನೇ ಕಲಮಿನಡಿ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಇನ್ನು 'ಕವರು ಕೊಟ್ಟು ಕಳುಹಿಸುವ' ವಿಚಾರ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಸೆರೆವಾಸವಿದೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಅಷ್ಟೇ ಅಲ್ಲ, ಒಬ್ಬರು ಕೊಟ್ಟರೆ ಅದು ಇಡೀ ಬೀದಿಗೆ ರೇಟಾಗುತ್ತದೆ. ನಾಲ್ಕು ಟೇಬಲಿನ ಸಣ್ಣ ಹೋಟೆಲಿನವರಿಗೆ ಅದು ಹೊರಲಾರದ ಹೊರೆ.

ಅಧಿಕಾರಿ ಬರುವ ಹೊತ್ತಿಗೆ ಧನಿಗಳು ಗಲ್ಲಾದಲ್ಲಿ ಇರುವುದು ಅಪರೂಪ. ಆದ್ದರಿಂದ ಮ್ಯಾನೇಜರಿಗೂ ಹೆಡ್ ಭಟ್ಟರಿಗೂ ಇದೆಲ್ಲವನ್ನು ಹೇಳಿಕೊಡಿ. ದಾಖಲೆಗಳ ಒಂದು ಫೈಲು, ಭೇಟಿಗಳ ಒಂದು ಪುಸ್ತಕ ಗಲ್ಲಾದ ಬಳಿಯೇ ಇರಲಿ. ಬಂದವರಿಗೆ ಕುರ್ಚಿ ಕೊಟ್ಟು ಮರ್ಯಾದೆಯಿಂದ ಮಾತನಾಡಿಸಿ, ಅವರು ಬರೆದುದನ್ನು ಓದಿಯೇ ಸಹಿ ಹಾಕಿ, ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.