ನಿಮಗಿದು ಗೊತ್ತೇ? ಕೋರ್ಟು ಕೂರುವ ಮೊದಲೇ ಬಂದ ತೀರ್ಪುಗಳು

ಯಶವಂತನಗರದವರಿಗೆ ಬಳ್ಳಾರಿ ಜೈಲು ದೂರದ್ದೇನಲ್ಲ. ಸಂಡೂರು, ತೋರಣಗಲ್ಲು, ಕುಡಿತಿನಿ ದಾಟಿದರೆ ಬಳ್ಳಾರಿ. 2024ರ ಆಗಸ್ಟ್ 29ರಂದು ರೇಣುಕಾಸ್ವಾಮಿ ಕೊಲೆ ಪ್ರಕರಣದ ಆರೋಪಿ, ನಟ ದರ್ಶನ್ ಅವರನ್ನು ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಿಂದ ಅಲ್ಲಿಗೆ ತಂದಾಗ ಜೈಲಿನ ಮುಂದೆ ಕ್ಯಾಮೆರಾಗಳೂ ಅಭಿಮಾನಿಗಳೂ ನೆರೆದಿದ್ದರು. ಅವರು ಏನು ತಿಂದರು, ಹೇಗೆ ಮಲಗಿದರು, ಕೈದಿ ನಂಬರ್ ಎಷ್ಟು ಎಂಬುದೆಲ್ಲ ಮನೆಮನೆಗೆ ತಲುಪಿತು. ತಲುಪದೇ ಉಳಿದ ಕೆಲವು ಸಂಗತಿಗಳು ಇಲ್ಲಿವೆ.

● ಈ ಪ್ರಕರಣಕ್ಕೆ ಹೆಸರು ಬಂದಿರುವುದು ಸತ್ತವರಿಂದ. ಚಿತ್ರದುರ್ಗದ 33 ವರ್ಷದ ರೇಣುಕಾಸ್ವಾಮಿ ಔಷಧಿ ಅಂಗಡಿಯ ನೌಕರ. 2024ರ ಜೂನ್ 9ರಂದು ಬೆಂಗಳೂರಿನ ಸುಮನಹಳ್ಳಿಯ ರಾಜಕಾಲುವೆ ಬಳಿ ಶವ ಸಿಕ್ಕಾಗ ಅವರ ಪತ್ನಿ ಗರ್ಭಿಣಿ. ಮಗು ಹುಟ್ಟಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ.

● ದರ್ಶನ್ ಬಂಧನವಾದದ್ದು ಜೂನ್ 11, 2024ರಂದು. ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ್ದು ಸೆಪ್ಟೆಂಬರ್ 4ರಂದು: 3,991 ಪುಟ, 231 ಸಾಕ್ಷಿಗಳು, 17 ಆರೋಪಿಗಳು. ನಡುವಿನ 85 ದಿನ ನಮ್ಮ ಟಿವಿಗಳು ಹಗಲೂ ರಾತ್ರಿ ಇದೊಂದನ್ನೇ ತೋರಿಸಿದವು. ಆ 85 ದಿನಗಳ ಬಗ್ಗೆ ಕಾನೂನಿನಲ್ಲಿ ಒಂದು ದೊಡ್ಡ ಸಂದಿಯಿದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 3ನೇ ಕಲಮಿನಂತೆ ಕ್ರಿಮಿನಲ್ ಪ್ರಕರಣ ‘ವಿಚಾರಣೆಗೆ ಬಾಕಿ’ ಎನಿಸಿಕೊಳ್ಳುವುದು ಚಾರ್ಜ್‌ಶೀಟ್ ಸಲ್ಲಿಕೆಯಾದ ಮೇಲೆ, ಇಲ್ಲವೇ ಕೋರ್ಟು ಸಮನ್ಸ್ ಅಥವಾ ವಾರಂಟ್ ಹೊರಡಿಸಿದ ಮೇಲೆ. ಅದಕ್ಕೂ ಮೊದಲು ಒಬ್ಬನನ್ನು ಕೊಲೆಗಾರ ಎಂದು ಪರದೆ ತುಂಬ ಬರೆದರೂ ಆ ಕಾಯ್ದೆಯ ಬಿಗಿ ಅಷ್ಟಾಗಿ ತಾಗುವುದಿಲ್ಲ. ಹಾನಿ ಅತಿ ಹೆಚ್ಚು ಆಗುವುದು ಅದೇ ದಿನಗಳಲ್ಲಿ.

● ಈ ಸಂದಿಯನ್ನು ಮುಚ್ಚಿ ಎಂದು ಕೇಂದ್ರ ಕಾನೂನು ಆಯೋಗ 2006ರಲ್ಲೇ ಹೇಳಿತ್ತು. ಆಯೋಗದ 200ನೇ ವರದಿಯ ವಿಷಯವೇ ಮಾಧ್ಯಮ ವಿಚಾರಣೆ. ಲೆಕ್ಕ ಚಾರ್ಜ್‌ಶೀಟ್‌ನಿಂದಲ್ಲ, ಬಂಧನದ ಹೊತ್ತಿನಿಂದಲೇ ಶುರುವಾಗಬೇಕು ಎಂಬುದು ಅದರ ಶಿಫಾರಸು. ಕಾಯ್ದೆಯ ಆ ಕಲಮು ಇನ್ನೂ ಹಾಗೇ ಇದೆ. ಈ ಅಂಕಣದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

● ‘ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಆರೋಪಿ’ ಎಂಬ ತಲೆಬರಹಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 25ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೆಯದು. ಆರೋಪಿ ಹೇಳಿದ್ದರಿಂದ ಯಾವುದಾದರೂ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ.

● ಹಾಗಿದ್ದರೆ ಸಾಕ್ಷ್ಯ ಅಧಿನಿಯಮದ ಜೊತೆಗೇ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ರೇಣುಕಾಸ್ವಾಮಿ ಪ್ರಕರಣಕ್ಕೆ ಅನ್ವಯಿಸುತ್ತದೆಯೇ? ಇಲ್ಲ. ಘಟನೆ ನಡೆದದ್ದು ಜೂನ್‌ನಲ್ಲಿ, ಹೊಸ ಕಾನೂನು ಬಂದದ್ದು ಜುಲೈನಲ್ಲಿ. ಆದ್ದರಿಂದ ಆರೋಪ ಹಳೆಯ ಐಪಿಸಿ 302ರ ಅಡಿಯಲ್ಲೇ.

● ಆರೋಪಿಯ ಮುಖವನ್ನು ಟಿವಿಯಲ್ಲಿ ಪದೇ ಪದೇ ತೋರಿಸುವುದರಿಂದ ಪ್ರಾಸಿಕ್ಯೂಷನ್‌ಗೇ ಏಟು ಬೀಳಬಹುದು. ಪರಿಚಯವಿಲ್ಲದ ಆರೋಪಿಯನ್ನು ಸಾಕ್ಷಿಯಿಂದ ಗುರುತು ಹಿಡಿಸಲು ‘ಗುರುತಿನ ಪರೇಡ್’ ನಡೆಸುತ್ತಾರೆ. ಫೋಟೊ ಅಷ್ಟರಲ್ಲಿ ಊರೆಲ್ಲ ಹರಡಿದ್ದರೆ, ಸಾಕ್ಷಿ ಗುರುತಿಸಿದ್ದು ಘಟನೆಯ ದಿನ ಕಂಡ ಮುಖವನ್ನೋ ಟಿವಿಯಲ್ಲಿ ಕಂಡ ಮುಖವನ್ನೋ ಎಂದು ವಕೀಲರು ಕೇಳಿಯೇ ಕೇಳುತ್ತಾರೆ. ಹಾಗೆ ಹರಡಿದ ಮೇಲೆ ನಡೆದ ಪರೇಡಿಗೆ ಬೆಲೆ ಕಡಿಮೆ ಎಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. ಖ್ಯಾತ ನಟನನ್ನು ಗುರುತಿಸಲು ಪರೇಡ್ ಬೇಕಿಲ್ಲ. ಅವರ ಜೊತೆಯಲ್ಲಿ ಸಿಕ್ಕಿಬಿದ್ದವರೆಂದು ಹೇಳಲಾಗುವ ಹೆಸರಿಲ್ಲದ ಹುಡುಗರ ವಿಷಯ ಹಾಗಲ್ಲ. ಸತ್ತವನ ಪರವಾಗಿ ಕೂಗುತ್ತಿದ್ದೇವೆ ಎನ್ನುವ ಚಾನೆಲ್ಲು ಸತ್ತವನ ಮನೆಯವರ ಕೇಸನ್ನೇ ದುರ್ಬಲ ಮಾಡುವುದು ಹೀಗೆ.

● ಚಾರ್ಜ್‌ಶೀಟ್ ಸಲ್ಲಿಕೆಯಾದ ಬೆನ್ನಿಗೇ, ರೇಣುಕಾಸ್ವಾಮಿ ಬೇಡಿಕೊಳ್ಳುತ್ತಿರುವಂತೆ ಕಾಣುವ ಚಿತ್ರ ಎಲ್ಲೆಡೆ ಹರಿದಾಡಿತು. ಹೆತ್ತವರೂ ಅದನ್ನು ಟಿವಿಯಲ್ಲೇ ನೋಡಬೇಕಾಯಿತು. ಚಾರ್ಜ್‌ಶೀಟ್‌ನಲ್ಲಿರುವ ಗೋಪ್ಯ ವಿವರಗಳನ್ನು ಪ್ರಸಾರ ಮಾಡಬಾರದು ಎಂದು ಕರ್ನಾಟಕ ಹೈಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ ಮಾಧ್ಯಮಗಳನ್ನು ತಡೆಯಿತು. ಅರ್ಜಿ ಹಾಕಿದ್ದು ದರ್ಶನ್. ಆದರೆ ಆ ತಡೆಯ ಅಗತ್ಯ ಚಿತ್ರದುರ್ಗದ ಆ ಮನೆಗೂ ಅಷ್ಟೇ ಇತ್ತು ಎಂದು ನಾನು ನಂಬುತ್ತೇನೆ.

● ದರ್ಶನ್‌ಗೂ ಕನ್ನಡ ಚಾನೆಲ್‌ಗಳಿಗೂ ಈ ಪ್ರಕರಣಕ್ಕಿಂತ ಮೊದಲೇ ಜಗಳವಿತ್ತು. ಮಾಧ್ಯಮದವರನ್ನು ಅವಾಚ್ಯವಾಗಿ ಬೈದ ಆಡಿಯೊ ಹೊರಬಂದ ಮೇಲೆ ಅವರನ್ನು ಚಾನೆಲ್‌ಗಳು ದೂರವಿಟ್ಟವು. 2023ರ ಜನವರಿಯ ‘ಕ್ರಾಂತಿ’ ಬಿಡುಗಡೆಯಾದದ್ದು ಆ ಬಹಿಷ್ಕಾರದ ನಡುವೆ. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ಕ್ಷಮೆ ಕೇಳಿದ ಮೇಲೆ ರಾಜಿಯಾಯಿತು. ಹತ್ತೇ ತಿಂಗಳಲ್ಲಿ ಅದೇ ಚಾನೆಲ್‌ಗಳು ಅವರ ಬಂಧನದ ವರದಿ ಮಾಡಬೇಕಾಯಿತು. ಕಕ್ಷಿದಾರನೊಡನೆ ಹಳೆಯ ವೈಮನಸ್ಯ ಇದ್ದರೆ ನ್ಯಾಯಾಧೀಶರು ಆ ಕೇಸಿನಿಂದ ಹಿಂದೆ ಸರಿಯುವ ಪದ್ಧತಿ ಇದೆ. ಸುದ್ದಿಮನೆಗೆ ಅಂಥ ಪದ್ಧತಿ ಇಲ್ಲ.

● ‘ಕ್ರಾಂತಿ’ಯ ಹಾಡು ಬಿಡುಗಡೆ ನಮ್ಮ ಹೊಸಪೇಟೆಯಲ್ಲೇ ಆಯಿತು, 2022ರ ಡಿಸೆಂಬರ್ 18ರಂದು. ವೇದಿಕೆಯ ಮೇಲಿದ್ದ ದರ್ಶನ್ ಮೇಲೆ ಗುಂಪಿನಲ್ಲಿ ಯಾರೋ ಚಪ್ಪಲಿ ಎಸೆದರು. ಆ ಒಂದು ಕ್ಷಣದ ವಿಡಿಯೊ ಎಲ್ಲೆಲ್ಲೂ ಓಡಿತು. ನಟರ ಮೇಲಿನ ಪ್ರೀತಿ, ದ್ವೇಷ ಎರಡೂ ಕೈಗೆ ಬರುವಷ್ಟು ಕಾವೇರಿರುವ ನಾಡಿನಲ್ಲಿ ಸಾಕ್ಷಿ ಹೇಳಲು ಬರುವ ಸಾಮಾನ್ಯರ ಎದೆ ಹೇಗಿರುತ್ತದೆ ಎಂದು ಯೋಚಿಸಿ.

● ಸಾಕ್ಷಿಗಳಿಗೆ ರಕ್ಷಣೆ ಕೇಳುವ ಹಕ್ಕಿದೆ. 2018ರ ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು ಅದೇ ವರ್ಷದ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಕಾನೂನಿನಂತೆ ಅನ್ವಯ ಮಾಡಿತು.

● ಬೆದರಿಕೆ ಬರೀ ಸಾಕ್ಷಿಗಳಿಗಷ್ಟೇ ಅಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ, ರೇಣುಕಾಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗಬೇಕೆಂದು ಬರೆದದ್ದಕ್ಕೆ ಬಂದ ಅಶ್ಲೀಲ ನಿಂದನೆಯ ವಿರುದ್ಧ 43 ಖಾತೆಗಳ ಮೇಲೆ ಪೊಲೀಸರಿಗೆ ದೂರು ಕೊಡಬೇಕಾಯಿತು.

● ಇದಕ್ಕೂ ಹಿಂದೆ, 2011ರ ಸೆಪ್ಟೆಂಬರ್‌ನ ಒಂದೇ ವಾರದಲ್ಲಿ ಎರಡು ದೊಡ್ಡ ಬಂಧನಗಳಾದವು. 5ರಂದು ಬಳ್ಳಾರಿಯಲ್ಲಿ ಸಿಬಿಐ ಗಾಲಿ ಜನಾರ್ದನ ರೆಡ್ಡಿಯವರನ್ನು ಓಬಳಾಪುರಂ ಗಣಿ ಪ್ರಕರಣದಲ್ಲಿ ಬಂಧಿಸಿತು. ಮೂರ್ನಾಲ್ಕು ದಿನಗಳಲ್ಲಿ ಬೆಂಗಳೂರಿನಲ್ಲಿ ಪತ್ನಿಯ ದೂರಿನ ಮೇಲೆ ದರ್ಶನ್ ಬಂಧನವಾಯಿತು. ರೆಡ್ಡಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ಕೋರ್ಟು ಶಿಕ್ಷೆ ಕೊಟ್ಟದ್ದು 2025ರ ಮೇ 6ರಂದು, ಮರುತಿಂಗಳೇ ತೆಲಂಗಾಣ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಇತ್ತ ದರ್ಶನ್ ಜೈಲಿನಲ್ಲಿರುವಾಗಲೇ 2011ರ ಸೆಪ್ಟೆಂಬರ್ 30ರಂದು ‘ಸಾರಥಿ’ ತೆರೆಕಂಡು ಗೆದ್ದಿತು. ದರ್ಶನ್ ದಂಪತಿಯ ಆ ಗಲಾಟೆಯಲ್ಲಿ ಹೆಸರು ಎಳೆದು ತರಲಾದ, ಆದರೆ ಯಾವ ಕೋರ್ಟಿನ ಮುಂದೆಯೂ ಆರೋಪಿಯಾಗಿರದ ಒಬ್ಬರಿಗೆ ಶಿಕ್ಷೆಯಾಯಿತು: ನಟಿ ನಿಕಿತಾ. ನಿರ್ಮಾಪಕರ ಸಂಘ ಅವರಿಗೆ ಮೂರು ವರ್ಷ ನಿಷೇಧ ಹೇರಿತು. ಪ್ರತಿಭಟನೆ ಎದ್ದ ಮೇಲೆ ವಾಪಸ್ ಪಡೆಯಿತು. ವಿಚಾರಣೆಯಿಲ್ಲದ ತೀರ್ಪು ಮೊದಲು ಬೀಳುವುದು ಯಾರ ಮೇಲೆ ಎಂಬುದನ್ನು ಇದು ತೋರಿಸುತ್ತದೆ.

● 2020ರ ಡ್ರಗ್ಸ್ ಪ್ರಕರಣ ನೆನಪಿದೆಯೇ? ಸೆಪ್ಟೆಂಬರ್‌ನಲ್ಲಿ ಬಂಧಿತರಾದ ನಟಿ ರಾಗಿಣಿ ದ್ವಿವೇದಿಗೆ ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಕ್ಕಿದ್ದು 2021ರ ಜನವರಿಯಲ್ಲಿ. 2025ರ ಜನವರಿಯಲ್ಲಿ ಹೈಕೋರ್ಟು ಅವರ ಮೇಲಿನ ಪ್ರಕರಣವನ್ನೇ ರದ್ದು ಮಾಡಿತು. ಬಂಧನ ವಾರಗಟ್ಟಲೆ ಓಡಿದ ಸುದ್ದಿ. ರದ್ದಾದದ್ದು ಎಷ್ಟು ಮಂದಿಗೆ ಗೊತ್ತು? ಈ ಸಾಲು ಓದುವಾಗ ಮೊದಲ ಸಲ ಕೇಳಿದಂತಾದರೆ ತಪ್ಪು ನಿಮ್ಮದಲ್ಲ.

● ಡಾ. ರಾಜ್‌ಕುಮಾರ್ ಅಪಹರಣವಾದದ್ದು 2000ದ ಜುಲೈ 30ರಂದು, ಗಾಜನೂರಿನಲ್ಲಿ. 108 ದಿನ ರಾಜ್ಯ ಉಸಿರು ಬಿಗಿಹಿಡಿದಿತ್ತು. ಅಪಹರಿಸಿದ ಕಾಡುಗಳ್ಳ ವೀರಪ್ಪನ್ ಬೇಡಿಕೆಯಂತೆ ಅವನ ಸಹಚರರೆನ್ನಲಾದವರ ಮೇಲಿನ ಟಾಡಾ ಪ್ರಕರಣಗಳನ್ನು ಹಿಂತೆಗೆಯಲು ಸರ್ಕಾರ ಸಿದ್ಧವಾಗಿತ್ತು. ಬೀದಿಯಲ್ಲೂ ಟಿವಿಯಲ್ಲೂ ಅಣ್ಣಾವ್ರು ಬಂದರೆ ಸಾಕು ಎಂಬ ಒಂದೇ ಪ್ರಾರ್ಥನೆ. ಅಂಥ ಹೊತ್ತಿನಲ್ಲಿ ಎದ್ದು ನಿಂತದ್ದು ಒಬ್ಬ ತಂದೆ: ವೀರಪ್ಪನ್ ಗುಂಪಿಗೆ ಬಲಿಯಾದ ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2000ದ ನವೆಂಬರ್ 7ರಂದು ಆ ಹಿಂತೆಗೆತಕ್ಕೆ ಸಿಕ್ಕಿದ್ದ ಅನುಮತಿಯನ್ನು ರದ್ದುಪಡಿಸಿತು. ಇಡೀ ನಾಡಿನ ಭಾವನೆ ಒಂದು ಕಡೆ ಇದ್ದಾಗಲೂ ಕೋರ್ಟು ಒಬ್ಬನ ಮಾತು ಕೇಳಿತು. ಎಂಟು ದಿನಗಳಲ್ಲಿ ರಾಜ್‌ಕುಮಾರ್ ಕ್ಷೇಮವಾಗಿ ಬಿಡುಗಡೆಯಾದರು. ಇನ್ನು ಅಪಹರಣದ ಪ್ರಕರಣ? ತಮಿಳುನಾಡಿನ ಗೋಬಿಚೆಟ್ಟಿಪಾಳ್ಯದ ಕೋರ್ಟು 2018ರ ಸೆಪ್ಟೆಂಬರ್‌ನಲ್ಲಿ, 18 ವರ್ಷಗಳ ಬಳಿಕ, ಒಂಬತ್ತು ಮಂದಿಯನ್ನೂ ಖುಲಾಸೆ ಮಾಡಿತು.

● ಭಾರತದಲ್ಲಿ ಜ್ಯೂರಿ ಪದ್ಧತಿ ಮರೆಯಾದದ್ದರ ಹಿಂದೆ ಒಂದು ಪತ್ರಿಕೆಯ ಹೆಸರೂ ಕೇಳಿಬರುತ್ತದೆ. 1959ರಲ್ಲಿ ಮುಂಬೈಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ತನ್ನ ಪತ್ನಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದರು. ಆರ್.ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ವಾರಪತ್ರಿಕೆ ಅವರನ್ನು ಮರ್ಯಾದಸ್ಥ ಗಂಡನಂತೆ ಚಿತ್ರಿಸಿ ಬಹಿರಂಗವಾಗಿ ಪರ ನಿಂತಿತು. ಜ್ಯೂರಿ 8–1ರಿಂದ ನಿರಪರಾಧಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. 1964ರಲ್ಲಿ ಕ್ಷಮಾದಾನವೂ ಸಿಕ್ಕಿತು. ಮಾಧ್ಯಮದ ಅಬ್ಬರ ಯಾವಾಗಲೂ ಆರೋಪಿಗೆ ವಿರುದ್ಧವಾಗಿಯೇ ಇರಬೇಕೆಂದಿಲ್ಲ. ಹಣ, ಹೆಸರು, ಅಭಿಮಾನಿಗಳು ಇದ್ದವರಿಗೆ ಅದು ಅನುಕೂಲಕ್ಕೂ ಬರುತ್ತದೆ. ಪರಪ್ಪನ ಅಗ್ರಹಾರದಲ್ಲಿ ದರ್ಶನ್‌ಗೆ ಕೊಟ್ಟ ಕೈದಿ ನಂಬರ್ 6106 ಅನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡವರಿದ್ದಾರೆ. ಒಂದು ಎಳೆಗೂಸಿಗೆ ಕೈದಿಯ ವೇಷ ಹಾಕಿ ಅದೇ ನಂಬರ್ ಬರೆದು ಫೋಟೊ ತೆಗೆಸಿದಾಗ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೇ ದೂರು ದಾಖಲಿಸಿಕೊಂಡಿತು.

● ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಸುದ್ದಿಯ ಪ್ರಸಾರವನ್ನು ಕುರಿತು ಬಾಂಬೆ ಹೈಕೋರ್ಟು 2021ರ ಜನವರಿ 18ರಂದು ಕೊಟ್ಟ ತೀರ್ಪು ಪ್ರತಿ ಸುದ್ದಿಮನೆಯ ಗೋಡೆಯ ಮೇಲಿರಬೇಕು. ತನಿಖೆಯ ಹಂತದಲ್ಲಿ ಏನೇನು ತೋರಿಸಬಾರದು ಎಂದು ಅದು ಬಿಡಿಸಿ ಹೇಳಿದೆ.

● ಬ್ರಿಟನ್ನಿನಲ್ಲಿ ಬಂಧನವಾದ ಕೂಡಲೇ ನ್ಯಾಯಾಂಗ ನಿಂದನೆ ಕಾಯ್ದೆ ಜಾರಿಗೆ ಬರುತ್ತದೆ. ಕೊಲೆ ಪ್ರಕರಣವೊಂದರಲ್ಲಿ ಬಂಧಿತನಾಗಿ, ಬಳಿಕ ನಿರಪರಾಧಿ ಎಂದು ಖಚಿತವಾದ ಒಬ್ಬ ನಿವೃತ್ತ ಶಿಕ್ಷಕನನ್ನು ಹಳಿದದ್ದಕ್ಕಾಗಿ 2011ರಲ್ಲಿ ‘ಡೈಲಿ ಮಿರರ್’ಗೆ 50,000 ಪೌಂಡ್, ‘ದಿ ಸನ್’ಗೆ 18,000 ಪೌಂಡ್ ದಂಡ ಬಿತ್ತು.

● 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಪೊಲೀಸರು ಮಾಧ್ಯಮಕ್ಕೆ ಏನು ಹೇಳಬೇಕು, ಏನು ಹೇಳಬಾರದು ಎಂಬ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಸಿದ್ಧಪಡಿಸಿ ಎಂದು ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಸೋರಿಕೆಯಾಗುವ ಸುದ್ದಿಗೆ ಒಂದು ತುದಿಯಲ್ಲಿ ಕ್ಯಾಮೆರಾ ಇದ್ದರೆ ಇನ್ನೊಂದು ತುದಿಯಲ್ಲಿ ಠಾಣೆ ಇರುತ್ತದೆ.

● ಅತ್ಯಾಚಾರ ಸಂತ್ರಸ್ತೆಯ ಹೆಸರು ಮಾತ್ರವಲ್ಲ, ಗುರುತು ಸಿಗುವಂಥ ಯಾವ ವಿವರವನ್ನೂ ಪ್ರಕಟಿಸುವುದು ಅಪರಾಧ. 2025ರ ಮಾರ್ಚ್‌ನಲ್ಲಿ ತುಂಗಭದ್ರೆಯ ಆಚೆ ದಡದ ಸಾಣಾಪುರದಲ್ಲಿ ನಡೆದ ಕೃತ್ಯದ ವರದಿಗಳಲ್ಲಿ ಬಿಡಿ ವಿವರಗಳನ್ನು ಸೇರಿಸಿದರೆ ಆ ಊರಿನವರಿಗೆ ಯಾರೆಂದು ತಿಳಿಯುವಂತಿತ್ತು. ಹಾಸನದಲ್ಲಿ 2024ರ ಏಪ್ರಿಲ್‌ನಲ್ಲಿ ಪೆನ್‌ಡ್ರೈವ್‌ಗಳಲ್ಲಿ ಹಂಚಿಕೆಯಾದ ವಿಡಿಯೊಗಳಲ್ಲಂತೂ ಮಹಿಳೆಯರ ಮುಖಗಳೇ ಕಾಣುತ್ತಿದ್ದವು. ಅದರಿಂದ ಹುಟ್ಟಿದ ಪ್ರಕರಣಗಳಲ್ಲೊಂದರಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆಯಾಯಿತು. ಆ ವಿಡಿಯೊಗಳನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದ ಕೈಗಳು ನಮ್ಮವೇ.

● 2024ರ ಡಿಸೆಂಬರ್ 13ರಂದು ಹೈಕೋರ್ಟು ದರ್ಶನ್‌ಗೆ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟು 2025ರ ಆಗಸ್ಟ್ 14ರಂದು ರದ್ದುಪಡಿಸಿತು. ಜಾಮೀನಿನ ಹಂತದಲ್ಲೇ ಸಾಕ್ಷಿಗಳ ಮಾತನ್ನು ತೂಗಿ ನೋಡಿದ್ದು ತಪ್ಪು ಎಂಬುದು ಒಂದು ಕಾರಣ. ಜೈಲಿನಲ್ಲಿ ವಿಶೇಷ ಸೌಲಭ್ಯ ಕೊಟ್ಟರೆ ಮೊದಲು ಅಧೀಕ್ಷಕರ ಮೇಲೆ ಕ್ರಮ ಎಂದೂ ಪೀಠ ಎಚ್ಚರಿಸಿತು. ಜಾಮೀನು ಸಿಕ್ಕ ದಿನ ‘ಗೆದ್ದರು’ ಎಂದವರೂ ರದ್ದಾದ ದಿನ ‘ಸಾಬೀತಾಯಿತು’ ಎಂದವರೂ ಒಂದೇ ತಪ್ಪು ಮಾಡಿದರು. ಆರೋಪ ನಿಗದಿಯಾದದ್ದೇ 2025ರ ನವೆಂಬರ್ 3ರಂದು. ಅಂದು ದರ್ಶನ್ ಆರೋಪವನ್ನು ಅಲ್ಲಗಳೆದರು.

● 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರರಲ್ಲಿ 75ಕ್ಕೂ ಹೆಚ್ಚು ಜನ ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದವರು. ಅವರಲ್ಲಿ ಹೆಚ್ಚಿನವರ ಮುಂದೆ ಯಾವ ಕ್ಯಾಮೆರಾವೂ ಇಲ್ಲ.

● ಬಂಧನದಲ್ಲಿರುವ ಯಾರೇ ಆಗಲಿ, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಆದಾಯ ಎಷ್ಟೇ ಇದ್ದರೂ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಗಣಿ ಲಾರಿ ಓಡಿಸುವ ಅಣ್ಣನಿಗೂ ಇದು ಗೊತ್ತಿರಲಿ.

● ಕ್ರಿಮಿನಲ್ ವಿಚಾರಣೆ ಸಾಮಾನ್ಯವಾಗಿ ತೆರೆದ ಕೋರ್ಟಿನಲ್ಲೇ ನಡೆಯಬೇಕು, ಜಾಗ ಇರುವಷ್ಟು ಸಾರ್ವಜನಿಕರು ಕೂರಬಹುದು. ಅತ್ಯಾಚಾರದಂಥ ಪ್ರಕರಣಗಳು ಇದಕ್ಕೆ ಹೊರತು. ಸಂಡೂರಿನ ಕೋರ್ಟಿನಲ್ಲೂ ಇದೇ ನಿಯಮ. ಕೊಲೆಯಂಥ ಸೆಷನ್ಸ್ ವಿಚಾರಣೆ ನೋಡಬೇಕಿದ್ದರೆ ಬಳ್ಳಾರಿಗೆ ಹೋಗಬೇಕು. ಫೋನ್ ಬಂದ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತರೆ, ಪಾಟೀಸವಾಲು ಎಷ್ಟು ನಿಧಾನ, ಒಂದೊಂದು ಉತ್ತರವನ್ನೂ ಹೇಗೆ ಬರೆದುಕೊಳ್ಳುತ್ತಾರೆ ಎಂಬುದು ಕಾಣುತ್ತದೆ. ಶಾಲೆಯ ಮಕ್ಕಳನ್ನೂ ಒಮ್ಮೆ ಕರೆದೊಯ್ಯಿರಿ.