ಆಟ ಮತ್ತು ಅರ್ಹತೆ

1982ರಲ್ಲಿ ಅಮೆರಿಕದ ಷಿಕಾಗೋ ನಗರದ ಒಂದು ಸಣ್ಣ ಶಾಲೆಗೆ ಅಪೂರ್ವ ವಿದ್ಯಾರ್ಥಿಯೊಬ್ಬನು ಬಂದು ಸೇರಿದನು. ಅವನ ಎತ್ತರ ಆರೂವರೆ ಅಡಿಗಿಂತಲೂ ಹೆಚ್ಚು; ವಯಸ್ಸು ಇಪ್ಪತ್ತನ್ನು ದಾಟಿತ್ತು. ಅವನ ಸುತ್ತ ಕುಳಿತಿದ್ದವರಾದರೋ ಎಳೆಯ ಬಾಲಕ ಬಾಲಕಿಯರು. ಆ ಮಕ್ಕಳೊಡನೆ ಕುಳಿತು ಅವನು ಓದುವುದನ್ನೂ ಬರೆಯುವುದನ್ನೂ ಮೊದಲಿನಿಂದ ಕಲಿಯತೊಡಗಿದನು. ಅವನು ಎಂದೂ ಶಾಲೆಯ ಮೆಟ್ಟಿಲು ಹತ್ತದವನಲ್ಲ. ನೆಬ್ರಾಸ್ಕ ರಾಜ್ಯದ ಕ್ರೈಟನ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷಗಳನ್ನು ಕಳೆದು, ಅದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿ, ಸಾವಿರಾರು ಪ್ರೇಕ್ಷಕರ ಚಪ್ಪಾಳೆ ಗಿಟ್ಟಿಸಿದವನು. ಅವನ ಹೆಸರು ಕೆವಿನ್ ರಾಸ್. ಆ ಶಾಲೆಯನ್ನು ನಡೆಸುತ್ತಿದ್ದವರು ಮಾರ್ವಾ ಕಾಲಿನ್ಸ್ ಎಂಬ ಶಿಕ್ಷಕಿ.

ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷ ಇದ್ದವನಿಗೆ ಮಕ್ಕಳ ಶಾಲೆಯಲ್ಲಿ ಕೂರಬೇಕಾದ ಸ್ಥಿತಿ ಏಕೆ ಬಂದಿತು? ಈ ಪ್ರಶ್ನೆಗೆ ಉತ್ತರವನ್ನು ತಿಳಿಯಬೇಕಾದರೆ, ಆ ದೇಶದಲ್ಲಿ ಆಟಕ್ಕೂ ವಿದ್ಯೆಗೂ ಇರುವ ನಂಟನ್ನು ಮೊದಲು ಅರಿಯಬೇಕು.

ಬ್ಯಾಸ್ಕೆಟ್‌ಬಾಲ್ ಶಾಲೆಯ ಮಡಿಲಲ್ಲಿಯೇ ಹುಟ್ಟಿದ ಆಟ. 1891ರ ಚಳಿಗಾಲದಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಒಳಾಂಗಣದಲ್ಲಿ ವ್ಯಾಯಾಮವಾಗಲೆಂದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು, ಈ ಆಟವನ್ನು ಆರಂಭಿಸಿದರು. ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳಿಗಾಗಿ ರಚಿಸಿದ ಈ ಆಟ ಕೆಲವೇ ದಶಕಗಳಲ್ಲಿ ದೇಶವ್ಯಾಪಿಯಾಯಿತು. ಕಾಲೇಜುಗಳು ಕುಶಲ ಆಟಗಾರರನ್ನು ಪ್ರೌಢಶಾಲೆಗಳಿಂದಲೇ ಆರಿಸಿ ತರತೊಡಗಿದವು. ಹೀಗೆ ಆಯ್ಕೆಯಾದವನಿಗೆ ಶುಲ್ಕ, ಊಟ, ವಸತಿ, ಪುಸ್ತಕ ಇವೆಲ್ಲಕ್ಕೂ ಸಾಲುವ ವಿದ್ಯಾರ್ಥಿವೇತನ ದೊರೆಯುತ್ತದೆ. ಬಡ ಕುಟುಂಬದ ಹುಡುಗನಿಗೆ ಇದು ವರದಾನವೇ ಸರಿ. ಆದರೆ ವರದ ಹಿಂದೆ ಅಪಾಯವೂ ಅಡಗಿತ್ತು. ಆಟಗಾರ ಬೇಕು, ಆದರೆ ವಿದ್ಯಾರ್ಥಿ ಬೇಡ ಎಂಬ ಮನೋಭಾವ ಕೆಲವೆಡೆ ಬೆಳೆಯಿತು.

ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸಲು 1906ರಲ್ಲಿ ಒಂದು ಸಂಸ್ಥೆ ಸ್ಥಾಪಿತವಾಯಿತು. ಎನ್.ಸಿ.ಎ.ಎ. ಎಂದು ಇಂದು ಪ್ರಸಿದ್ಧವಾಗಿರುವ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವೇ ಅದು. ಆಟಗಾರನು ಓದಿನಲ್ಲಿ ಯಾವ ಮಟ್ಟವನ್ನು ಮುಟ್ಟಿರಬೇಕೆಂಬ ನಿಯಮವನ್ನು ಈ ಸಂಘ ಹಲವು ಬಾರಿ ತಿದ್ದಿದೆ. ಅಮೆರಿಕದ ಶಾಲೆಗಳಲ್ಲಿ ಅತ್ಯುತ್ತಮ ದರ್ಜೆಗೆ 4, ಉತ್ತಮಕ್ಕೆ 3, ಸಾಧಾರಣಕ್ಕೆ 2, ಅದಕ್ಕಿಂತ ಕೆಳಗಿನದಕ್ಕೆ 1 ಎಂದು ಅಂಕ ಕೊಟ್ಟು ಸರಾಸರಿ ತೆಗೆಯುವ ಪದ್ಧತಿಯಿದೆ. 1973ರಲ್ಲಿ ಸಂಘವು ಪ್ರೌಢಶಾಲೆಯ ಒಟ್ಟು ಸರಾಸರಿ 2 ಇದ್ದರೆ ಸಾಕೆಂದಿತು. ಯಾವ ವಿಷಯಗಳಲ್ಲಿ ಎಂದು ಕೇಳಲಿಲ್ಲ. ಹಗುರವಾದ ವಿಷಯಗಳನ್ನೇ ಆರಿಸಿಕೊಂಡವನೂ ಅರ್ಹನಾದನು. ಗಣಿತ, ಭಾಷೆಗಳನ್ನು ಕಷ್ಟಪಟ್ಟು ಕಲಿತವನೂ ಅಷ್ಟೇ ಅರ್ಹನಾದನು.

ಕೆವಿನ್ ರಾಸ್ ಕ್ರೈಟನ್ನಿಗೆ ಸೇರಿದ್ದು ಈ ಕಾಲದಲ್ಲಿ, 1978ರಲ್ಲಿ. ಅವನು ಮುಂದೆ ಹೂಡಿದ ದಾವೆಯಲ್ಲಿ ಹೇಳಿರುವಂತೆ, ಅವನಿಗೆ ಗುರಿಯಿಟ್ಟು ಗುಂಡು ಹೊಡೆಯುವುದು, ಬ್ಯಾಸ್ಕೆಟ್‌ಬಾಲ್ ಸಿದ್ಧಾಂತ ಮುಂತಾದ ವಿಷಯಗಳನ್ನು ಆರಿಸಿಕೊಳ್ಳಲು ಸಲಹೆ ನೀಡಲಾಗಿತ್ತು. ಇವು ಆಡುವ ಅರ್ಹತೆಯನ್ನು ಉಳಿಸಿದವು. ಪದವಿಯ ಹತ್ತಿರ ಒಯ್ಯಲಿಲ್ಲ. ನಾಲ್ಕು ವರ್ಷಗಳ ಕೊನೆಗೆ, ಪದವಿಗೆ ಬೇಕಾದ 128 ಅಂಶಗಳಲ್ಲಿ ಅವನು ಪಡೆದಿದ್ದವು 96. ಭಾಷೆಯಲ್ಲಿ ಅವನ ಸಾಮರ್ಥ್ಯ ನಾಲ್ಕನೆಯ ತರಗತಿಯ ಮಟ್ಟದಲ್ಲಿಯೂ, ಓದುವ ಶಕ್ತಿ ಏಳನೆಯ ತರಗತಿಯ ಮಟ್ಟದಲ್ಲಿಯೂ ಇದ್ದವು ಎಂದು ನ್ಯಾಯಾಲಯದ ದಾಖಲೆ ಹೇಳುತ್ತದೆ. 1992ರಲ್ಲಿ ಮೇಲ್ಮನವಿ ನ್ಯಾಯಾಲಯವು ಅವನ ಬಹುಪಾಲು ವಾದಗಳನ್ನು ಒಪ್ಪಲಿಲ್ಲ. ಆದರೆ, ಓದಿಗೆ ನೆರವು ನೀಡುವೆವೆಂಬ ನಿರ್ದಿಷ್ಟ ವಾಗ್ದಾನ ಈಡೇರಿತೇ ಎಂಬ ಒಂದು ಪ್ರಶ್ನೆಯ ವಿಚಾರಣೆಗೆ ಅವಕಾಶವಿತ್ತಿತು. ಅನಂತರ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಇಂಥ ಸಂಗತಿಗಳು ಬೆಳಕಿಗೆ ಬಂದಂತೆ ನಿಯಮ ಬಿಗಿಯಾಯಿತು. 1983ರಲ್ಲಿ ಅಂಗೀಕೃತವಾಗಿ 1986ರಲ್ಲಿ ಜಾರಿಗೆ ಬಂದ ನಿಯಮದಂತೆ, ಹನ್ನೊಂದು ಮುಖ್ಯ ಪಾಠಕ್ರಮಗಳಲ್ಲಿ ಸರಾಸರಿ 2 ಬರಬೇಕಾಗಿತ್ತು. ಅದರೊಡನೆ ಕಾಲೇಜು ಪ್ರವೇಶದ ರಾಷ್ಟ್ರೀಯ ಪರೀಕ್ಷೆಯಲ್ಲಿ ಗೊತ್ತಾದ ಅಂಕಗಳೂ ಬೇಕಾಗಿದ್ದವು. ಎರಡರಲ್ಲಿ ಒಂದು ತಪ್ಪಿದವನು ಮೊದಲ ವರ್ಷ ಆಡುವಂತಿರಲಿಲ್ಲ, ತಂಡದೊಡನೆ ಅಭ್ಯಾಸ ಮಾಡುವಂತೆಯೂ ಇರಲಿಲ್ಲ. ಆ ವರ್ಷ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ರುಮೀಲ್ ರಾಬಿನ್ಸನ್, ಟೆರಿ ಮಿಲ್ಸ್ ಎಂಬಿಬ್ಬರು ಹೀಗೆ ಒಂದು ವರ್ಷ ಹೊರಗುಳಿದರು. ಆದರೆ 1989ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಅವರಿಬ್ಬರೂ ಆಡಿದರು. ಹೆಚ್ಚುವರಿ ಅವಧಿಯಲ್ಲಿ ಕೇವಲ ಮೂರು ಸೆಕೆಂಡುಗಳು ಉಳಿದಿದ್ದಾಗ ರಾಬಿನ್ಸನ್ ಎರಡು ಬಾರಿ ಚೆಂಡನ್ನು ಬುಟ್ಟಿಗೆ ಹಾಕಿದನು. ಮಿಷಿಗನ್ 80–79ರಿಂದ ಗೆದ್ದಿತು. ಆಟ ತಪ್ಪಿದ ಒಂದು ವರ್ಷ ಆಟಗಾರನ ಬಾಳಿನ ಕೊನೆಯಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ನಿಯಮವನ್ನು ಎಲ್ಲರೂ ನ್ಯಾಯವೆಂದು ಒಪ್ಪಲಿಲ್ಲ. ಪರೀಕ್ಷೆಯ ಅಂಕ ಹುಡುಗನ ಬುದ್ಧಿಯನ್ನಷ್ಟೇ ಅಳೆಯುವುದಿಲ್ಲ, ಅವನು ಓದಿದ ಶಾಲೆಯ ಬಡತನವನ್ನೂ ಅಳೆಯುತ್ತದೆ. ಆದ್ದರಿಂದ ಕಪ್ಪು ಜನಾಂಗದ ಬಡ ಹುಡುಗರಿಗೇ ಪೆಟ್ಟು ಹೆಚ್ಚು ಎಂಬುದು ವಿರೋಧಿಗಳ ವಾದವಾಗಿತ್ತು. 1989ರಲ್ಲಿ ಸಂಘವು ಇಂಥವರಿಗೆ ವಿದ್ಯಾರ್ಥಿವೇತನವನ್ನೂ ನಿಲ್ಲಿಸಲು ನಿರ್ಣಯಿಸಿದಾಗ, ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ತರಬೇತುದಾರ ಜಾನ್ ಥಾಂಪ್ಸನ್, ಜನವರಿ 14ರಂದು ಪಂದ್ಯ ಆರಂಭವಾಗುವ ಹೊತ್ತಿಗೆ ಸರಿಯಾಗಿ ಅಂಗಳದಿಂದ ಹೊರನಡೆದು ಪ್ರತಿಭಟಿಸಿದರು. ನಿರ್ಣಯ ಸಡಿಲಗೊಂಡಿತು. ಪರೀಕ್ಷೆಯ ಅಂಕಗಳ ಕುರಿತ ವಿವಾದ ಬಹುಕಾಲ ಮುಂದುವರಿದು, 2023ರ ಜನವರಿಯಲ್ಲಿ ಸಂಘವು ಆ ನಿಬಂಧನೆಯನ್ನೇ ಕೈಬಿಟ್ಟಿತು. ಶಾಲೆಯಲ್ಲಿ ವರ್ಷವರ್ಷವೂ ಗಳಿಸಿದ ದರ್ಜೆಗಳೇ ಈಗ ಅರ್ಹತೆಯ ಆಧಾರ.

ಆ ದರ್ಜೆಗಳ ಲೆಕ್ಕ ಹೇಗೆಂಬುದನ್ನು ನೋಡಬಹುದು. ಅಮೆರಿಕದ ಪ್ರೌಢಶಾಲೆಯಲ್ಲಿ ನಾಲ್ಕು ವರ್ಷಗಳು. ಅವು ಆರಂಭವಾಗುವುದು ಒಂಬತ್ತನೆಯ ತರಗತಿಯಿಂದ. ಈ ನಾಲ್ಕು ವರ್ಷಗಳಲ್ಲಿ ಹದಿನಾರು ಮುಖ್ಯ ಪಾಠಕ್ರಮಗಳನ್ನು ಮುಗಿಸಿರಬೇಕು. ಇಂಗ್ಲಿಷಿನಲ್ಲಿ ನಾಲ್ಕು, ಗಣಿತದಲ್ಲಿ ಮೂರು, ವಿಜ್ಞಾನದಲ್ಲಿ ಎರಡು, ಸಮಾಜಶಾಸ್ತ್ರಗಳಲ್ಲಿ ಎರಡು. ಉಳಿದವು ಇವುಗಳಿಂದಲೂ ಇವುಗಳಿಗೆ ಸಮನಾದ ಇತರ ವಿಷಯಗಳಿಂದಲೂ ಬರಬೇಕು. ಉನ್ನತ ಶ್ರೇಣಿಯ ಕಾಲೇಜುಗಳಿಗೆ 2016ರಲ್ಲಿ ಜಾರಿಗೆ ಬಂದ ನಿಯಮದಂತೆ, ಹದಿನಾರರ ಸರಾಸರಿ 2.3ಕ್ಕೆ ಕಡಮೆಯಿರಬಾರದು. ಅಲ್ಲದೆ, ಕೊನೆಯ ವರ್ಷ ಆರಂಭವಾಗುವ ಮೊದಲೇ ಹತ್ತು ಪಾಠಕ್ರಮಗಳು ಮುಗಿದಿರಬೇಕು. ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನಗಳಿಗೆ ಸೇರಿರಬೇಕು. ಹೀಗೆ ಲೆಕ್ಕಕ್ಕೆ ಬಂದ ಪಾಠಕ್ರಮಗಳ ದರ್ಜೆಯನ್ನು ಅನಂತರ ಮತ್ತೆ ಓದಿ ಉತ್ತಮಪಡಿಸಿಕೊಳ್ಳಲು ಅವಕಾಶವಿಲ್ಲ.

ಈ ಕೊನೆಯ ನಿಬಂಧನೆಯ ಮರ್ಮವನ್ನು ಸರಳ ಗಣಿತವೇ ತಿಳಿಸುತ್ತದೆ. ಹದಿನಾರು ಪಾಠಕ್ರಮಗಳಲ್ಲಿ ಸರಾಸರಿ 2.3 ಬರಬೇಕಾದರೆ ಒಟ್ಟು 36.8 ಅಂಕಗಳು ಬೇಕು. ಮೊದಲ ಹತ್ತರಲ್ಲಿ ಸರಾಸರಿ 2 ಪಡೆದವನ ಬಳಿ 20 ಅಂಕಗಳಿರುತ್ತವೆ. ಉಳಿದ ಆರರಲ್ಲಿ ಅವನು ಸರಾಸರಿ 2.8 ಪಡೆಯಬೇಕು. ಅದು ಕಷ್ಟವಾದರೂ ಅಸಾಧ್ಯವಲ್ಲ. ಮೊದಲ ಹತ್ತರಲ್ಲಿ ಕೇವಲ 1.5 ಪಡೆದವನಾದರೋ ಉಳಿದ ಆರರಲ್ಲಿ 3.6ಕ್ಕೂ ಹೆಚ್ಚು ಪಡೆಯಬೇಕು. ಮೂರು ವರ್ಷ ಸಾಧಾರಣಕ್ಕಿಂತ ಕೆಳಗಿದ್ದವನು ಒಂದೇ ವರ್ಷದಲ್ಲಿ ತರಗತಿಯ ಅಗ್ರಗಣ್ಯನಾಗಬೇಕೆಂದು ಇದರ ಅರ್ಥ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ನೀರು ಸಿಕ್ಕೀತೇ? ಹದಿನೆಂಟನೆಯ ವಯಸ್ಸಿನ ಅರ್ಹತೆಯ ಬುನಾದಿ ಹದಿನಾಲ್ಕರಲ್ಲಿಯೇ ಬೀಳುತ್ತದೆ.

ಓದಿನಲ್ಲಿ ಹಿಂದುಳಿದ ಆಟಗಾರನಿಗೆ ಮೊದಲ ಪೆಟ್ಟು ಬೀಳುವುದು ಬೇಸಗೆಯಲ್ಲಿ. ಅಮೆರಿಕದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಗಳಿಗೆ ರಜೆ. ಪ್ರೌಢಶಾಲೆಯ ಆಟಗಾರರು ಜುಲೈ ತಿಂಗಳಲ್ಲಿ ಊರೂರು ಸುತ್ತುವ ತಂಡಗಳನ್ನು ಸೇರಿ ಆಡುತ್ತಾರೆ. ಕಾಲೇಜುಗಳ ತರಬೇತುದಾರರು ಅಲ್ಲಿಗೆ ಬಂದು ಯಾರನ್ನು ಆರಿಸಬೇಕೆಂದು ನೋಡುತ್ತಾರೆ. ಆಗಲೇ ಆಯ್ಕೆಯಾದವರಿಗೆ ಬೇಸಗೆಯ ಮಹತ್ವ ಇನ್ನೂ ಹೆಚ್ಚು. ಅವರು ಜೂನ್‌ನಲ್ಲಿಯೇ ಕಾಲೇಜಿಗೆ ಬಂದು, ಬೇಸಗೆಯ ತರಗತಿಗಳಿಗೆ ಸೇರಿ, ತಂಡದೊಡನೆ ಬೆರೆಯುತ್ತಾರೆ. ಹೀಗೆ ಸೇರಿದವರಿಗೆ ವಾರಕ್ಕೆ ಕೆಲವು ಗಂಟೆಗಳ ತರಬೇತಿ ನೀಡಲು 2012ರಿಂದ ಸಂಘದ ಅನುಮತಿಯಿದೆ. ಹೊಸಬನು ತರಬೇತುದಾರನ ಪದ್ಧತಿಯನ್ನು ಅರಿಯುವುದು, ತನಗಿಂತ ಬಲಿಷ್ಠರಾದವರ ನಡುವೆ ಮೈಯನ್ನು ಹದಗೊಳಿಸುವುದು, ಜೊತೆಗಾರರ ಚಲನೆಯನ್ನು ಕಣ್ಣಿನಲ್ಲೇ ಗ್ರಹಿಸುವುದು ಎಲ್ಲವೂ ಈ ವಾರಗಳಲ್ಲಿ.

ಒಂದು ಪಾಠಕ್ರಮ ಬಾಕಿ ಉಳಿದ ಹುಡುಗನು ಆಗ ಎಲ್ಲಿರುತ್ತಾನೆ? ತನ್ನ ಊರಿನಲ್ಲಿ, ಬೇಸಗೆ ಶಾಲೆಯ ಕೊಠಡಿಯಲ್ಲಿ, ಬೀಜಗಣಿತದ ಪುಸ್ತಕದ ಮುಂದೆ. ಪಾಠ ಮುಗಿದ ಮೇಲೆ ಅವನ ಅಂಕಪಟ್ಟಿ ಸಂಘದ ಅರ್ಹತಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಅದರ ಪರಿಶೀಲನೆಯಾಗಬೇಕು. ಉತ್ತರ ಬರುವವರೆಗೆ ಅವನೂ ಕಾಯಬೇಕು, ಅವನ ತಾಯಿತಂದೆಯರೂ ಕಾಯಬೇಕು, ಕಾಲೇಜಿನ ತಂಡವೂ ಕಾಯಬೇಕು. ನವೆಂಬರ್‌ನಲ್ಲಿ ಪಂದ್ಯಗಳು ಆರಂಭವಾದಾಗ ಅವನ ಅರ್ಹತೆ ಸಿದ್ಧವಾಗಿದ್ದರೂ ಆಟ ಸಿದ್ಧವಾಗಿರುವುದಿಲ್ಲ. ಇತರರು ಬೇಸಗೆಯಲ್ಲಿ ಕಲಿತದ್ದನ್ನು ಅವನು ಚಳಿಗಾಲದಲ್ಲಿ ಕಲಿಯಬೇಕಾಗುತ್ತದೆ. ಜನರು ಅವನ ಚುರುಕು ತಗ್ಗಿತೆಂದು ಮಾತನಾಡಿಕೊಳ್ಳುತ್ತಾರೆ. ಅದರ ಕಾರಣ ಒಂಬತ್ತನೆಯ ತರಗತಿಯ ಯಾವುದೋ ಒಂದು ಪಾಠದಲ್ಲಿದೆಯೆಂಬುದು ಅವರಿಗೆ ಹೊಳೆಯುವುದಿಲ್ಲ.

ಆದರೂ ಆ ಕೊಠಡಿಯಲ್ಲಿ ಕಳೆದ ಬೇಸಗೆಯನ್ನು ನಷ್ಟವೆಂದು ಕರೆಯಲಾಗದು. ಉನ್ನತ ಶ್ರೇಣಿಯಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಆಟಗಾರರ ಸಂಖ್ಯೆ ನಾಲ್ಕು ಸಾವಿರವನ್ನು ಮೀರುತ್ತದೆ. ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ನಡೆಸುವ ಆಯ್ಕೆಯಲ್ಲಿ ಹೆಚ್ಚೆಂದರೆ ಅರವತ್ತು ಮಂದಿಗೆ ಸ್ಥಾನ. ಅದರಲ್ಲಿಯೂ ವಿದೇಶಗಳ ಆಟಗಾರರು ಪಾಲುಗಾರರು. 2021ರಿಂದೀಚೆಗೆ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಗಿದೆಯಾದರೂ ಆಟದ ವಯಸ್ಸು ಚಿಕ್ಕದು. ಮೊಣಕಾಲಿನ ಒಂದು ಗಾಯ ಅದನ್ನು ಇನ್ನೂ ಚಿಕ್ಕದಾಗಿಸಬಲ್ಲುದು. ಉಳಿದ ನಲವತ್ತು ಐವತ್ತು ವರ್ಷಗಳಿಗೆ ಜೊತೆಗಿರುವುದು ವಿದ್ಯೆಯೊಂದೇ.

ಹೊಣೆ ಹುಡುಗನದು ಮಾತ್ರವೇ? ಅಲ್ಲ. ಕಲಿಸುವವರ ಹೊಣೆಯೂ ಅಷ್ಟೇ ದೊಡ್ಡದು. ಆಟಗಾರರ ಓದಿನ ಪ್ರಗತಿಯನ್ನು ತಂಡವಾರು ಅಳೆದು, ಕಾಲೇಜನ್ನೇ ಉತ್ತರವಾದಿಯನ್ನಾಗಿಸುವ ಪದ್ಧತಿಯನ್ನು ಸಂಘವು ಈ ಶತಮಾನದಲ್ಲಿ ಜಾರಿಗೆ ತಂದಿದೆ. ಅದರಂತೆ 2013ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದಂಥ ಹೆಸರಾಂತ ತಂಡವೂ ರಾಷ್ಟ್ರೀಯ ಪಂದ್ಯಾವಳಿಯಿಂದ ಹೊರಗುಳಿಯಬೇಕಾಯಿತು. ಅದೇ ತಂಡ ಮರುವರ್ಷ ಅರ್ಹತೆ ಪಡೆದು, ರಾಷ್ಟ್ರದ ಪ್ರಶಸ್ತಿಯನ್ನೇ ಗೆದ್ದಿತು.

ಆಟವನ್ನೂ ಓದನ್ನೂ ಒಂದೇ ಬೇಸಗೆಯಲ್ಲಿ ಕೂಡಿಸಿ ತೋರಿಸಿದವರೂ ಉಂಟು. ನ್ಯೂಯಾರ್ಕಿನ ಹಾರ್ಲೆಮ್ ಎಂಬುದು ಕಪ್ಪು ಜನರು ಹೆಚ್ಚಾಗಿ ವಾಸಿಸುತ್ತಿದ್ದ ಬಡ ಬಡಾವಣೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಆಟದ ಮೈದಾನಗಳನ್ನು ನೋಡಿಕೊಳ್ಳುತ್ತಿದ್ದ ಹಾಲ್ಕೋಂಬ್ ರಕ್ಕರ್ ಎಂಬವರು ಬೀದಿಯ ಹುಡುಗರಿಗಾಗಿ ಬೇಸಗೆಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದನ್ನು ಆರಂಭಿಸಿದರು. ಒಬ್ಬೊಬ್ಬರೂ ಒಬ್ಬರಿಗೆ ಕಲಿಸಲಿ ಎಂಬುದು ಅವರ ಧ್ಯೇಯ. ಹುಡುಗರ ಆಟವನ್ನು ನೋಡಿದಷ್ಟೇ ಶ್ರದ್ಧೆಯಿಂದ ಅವರು ಶಾಲೆಯ ಅಂಕಪಟ್ಟಿಯನ್ನೂ ನೋಡುತ್ತಿದ್ದರು. ಅವರ ನೆರವಿನಿಂದ ಅನೇಕ ಹುಡುಗರು ಕಾಲೇಜು ಸೇರಿದರು. ಅವರೂ ತಡವಾಗಿ ಕಾಲೇಜು ಓದಿ, ಪದವಿ ಪಡೆದು, ಇಂಗ್ಲಿಷ್ ಅಧ್ಯಾಪಕರಾದರು. 1965ರಲ್ಲಿ ಅವರು ತೀರಿಕೊಂಡರು. ಹಾರ್ಲೆಮ್ಮಿನ ಪ್ರಸಿದ್ಧ ಆಟದ ಅಂಗಳವೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಅರ್ಹತೆಯ ನಿಯಮವನ್ನು ಬೇಲಿಯೆಂದು ಭಾವಿಸುವವರಿಗೆ ಅದು ಆಟಗಾರನನ್ನು ಹೊರಗಿಡುವಂತೆ ಕಾಣುತ್ತದೆ. ಆದರೆ ಬೇಲಿಯಿರುವುದು ಪೈರನ್ನು ಕಾಯುವುದಕ್ಕಾಗಿ. ಬೇಸಗೆಯ ಆಟ ತಪ್ಪಿದವನು ಮರುವರ್ಷ ಅಂಗಳಕ್ಕೆ ಇಳಿಯಬಹುದು. ಓದು ತಪ್ಪಿದವನು ಮಕ್ಕಳ ನಡುವೆ ಕುಳಿತು ಮತ್ತೆ ಅಕ್ಷರದಿಂದ ಆರಂಭಿಸಬೇಕಾದೀತು. ಹಾಗೆ ಕುಳಿತುಕೊಳ್ಳಲು ಕೆವಿನ್ ರಾಸ್ ನಾಚಲಿಲ್ಲ ಎಂಬುದೇ ಅವನ ಹಿರಿಮೆ. ಸಾವಿರಾರು ಜನರೆದುರು ಚೆಂಡನ್ನು ಎಸೆಯುವುದಕ್ಕಿಂತ ದೊಡ್ಡ ಧೈರ್ಯ ಅದಕ್ಕೆ ಬೇಕಾಗಿತ್ತು.